ಕ್ಲಬ್ಬುಗಳ ಪಟ್ಟಿ ಬಿಡಿ, ಕ್ಯಾಲೆಂಡರ್ ನೋಡಿ

ಅಮೆರಿಕದ ಲಿಬರಲ್ ಆರ್ಟ್ಸ್ ಕಾಲೇಜುಗಳ ಪ್ರಚಾರ ಪುಸ್ತಿಕೆಗಳನ್ನು ತಿರುವಿ ಹಾಕಿದವರಿಗೆ ಒಂದು ಪುಟ ಬೇಗ ಬಾಯಿಪಾಠವಾಗುತ್ತದೆ. ಅದು ವಿದ್ಯಾರ್ಥಿ ಕ್ಲಬ್ಬುಗಳ ಪುಟ. ಚರ್ಚಾಕೂಟ, ನಾಟಕ ತಂಡ, ಕ್ಯಾಂಪಸ್ ರೇಡಿಯೊ, ಚಾರಣ ಬಳಗ, ಸಾಲ್ಸಾ ನೃತ್ಯ, ಚೆಸ್ಸು, ಜೇನು ಸಾಕಣೆ ಎಂದು ಎಣಿಸುತ್ತ ಹೋದರೆ ನೂರು ದಾಟಿರುತ್ತದೆ. ಮಗಳನ್ನೋ ಮಗನನ್ನೋ ಅಲ್ಲಿಗೆ ಕಳಿಸುವ ಯೋಚನೆಯಲ್ಲಿರುವ ಬೆಂಗಳೂರು, ಮೈಸೂರಿನ ತಂದೆತಾಯಂದಿರು ಈ ಪುಟದ ಮೇಲೆ ಬೆರಳಿಟ್ಟು, “ನೋಡಿ ಸರ್, ಓದಿನ ಜೊತೆಗೆ ಎಷ್ಟೊಂದು ಅವಕಾಶ!” ಎನ್ನುತ್ತಾರೆ. ನನ್ನ ಉತ್ತರ ಸ್ವಲ್ಪ ಸಪ್ಪೆಯದು. ಆ ಪಟ್ಟಿ ಬಿಡಿ, ಕಾಲೇಜಿನ ಕ್ಯಾಲೆಂಡರ್ ನೋಡಿ.

ನಾಲ್ಕು ಜನ ಸಹಿ ಹಾಕಿ ಒಂದು ಅರ್ಜಿ ಕೊಟ್ಟರೆ ಕ್ಲಬ್ಬು ಹುಟ್ಟುತ್ತದೆ. ಅದಕ್ಕೆ ಕಾಲೇಜಿಗೆ ಏನೂ ಖರ್ಚಿಲ್ಲ. ಕಾಲೇಜು ನಿಜವಾಗಿ ಕೈಬಿಚ್ಚಿ ಕೊಡಬೇಕಾದದ್ದು ಹೊತ್ತು. ತರಗತಿ, ಪರೀಕ್ಷೆ, ಪ್ರಯೋಗಾಲಯಗಳ ನಡುವೆ ಯಾವ ತಿಂಗಳು, ಯಾವ ದಿನ, ಎಷ್ಟು ಗಂಟೆಯನ್ನು ಈ ಕೆಲಸಗಳಿಗೆಂದು ಬಿಟ್ಟಿದ್ದೀರಿ ಎಂದು ಕೇಳಿ ನೋಡಿ. ಪುಸ್ತಿಕೆಯಲ್ಲಿ ಒಂದೇ ಥರ ಕಾಣುವ ಕಾಲೇಜುಗಳು ಆಗ ಬೇರೆ ಬೇರೆಯಾಗಿ ನಿಲ್ಲುತ್ತವೆ.

ಮೊದಲು, ಲಿಬರಲ್ ಆರ್ಟ್ಸ್ ಎಂದ ಕೂಡಲೇ ನಮ್ಮ ಬಿಎ ತರಗತಿ ನೆನಪಿಗೆ ಬರುವುದಾದರೆ ಅದನ್ನು ಬದಿಗಿಡೋಣ. ಅಲ್ಲಿ ಭೌತಶಾಸ್ತ್ರವೂ ಇದೆ, ಗಣಿತವೂ ಇದೆ, ಕಂಪ್ಯೂಟರ್ ವಿಜ್ಞಾನವೂ ಇದೆ. ನಾಲ್ಕು ವರ್ಷದ ಪದವಿ. ಮೊದಲೆರಡು ವರ್ಷ ಬೇಕಾದ್ದನ್ನೆಲ್ಲ ಓದಿ ನೋಡಿ, ಎರಡನೆಯ ವರ್ಷದ ಕೊನೆಗೆ ಮುಖ್ಯ ವಿಷಯ ಆರಿಸಿಕೊಳ್ಳುವುದು ರೂಢಿ. ಸ್ನಾತಕೋತ್ತರ ವಿಭಾಗಗಳು ಇಲ್ಲವೆನ್ನುವಷ್ಟು ಕಡಿಮೆ. ಬಹುಪಾಲು ಕಾಲೇಜುಗಳು ಸಣ್ಣ ಊರುಗಳಲ್ಲಿವೆ, ವಿದ್ಯಾರ್ಥಿಗಳ ಸಂಖ್ಯೆ ಎರಡು ಸಾವಿರದ ಆಸುಪಾಸು, ಹೆಚ್ಚುಕಡಿಮೆ ಎಲ್ಲರಿಗೂ ಕ್ಯಾಂಪಸ್ಸಿನಲ್ಲೇ ವಾಸ. ಈ ಕೊನೆಯ ಸಂಗತಿಯನ್ನು ಗಮನದಲ್ಲಿಟ್ಟುಕೊಳ್ಳಬೇಕು. ಸಂಜೆ ಐದಕ್ಕೆ ಅಲ್ಲಿ ಯಾರೂ ಬಸ್ ಸ್ಟ್ಯಾಂಡಿಗೆ ಓಡುವುದಿಲ್ಲ.

ಪಾಠದ ಹೊರಗಿನ ಚಟುವಟಿಕೆ ಎನ್ನುವುದು ಈ ಕಾಲೇಜುಗಳಲ್ಲಿ ಯಾರೋ ಯೋಜನೆ ಹಾಕಿ ತಂದದ್ದಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಲ್ಲಿನ ಪಾಠವೆಂದರೆ ಗ್ರೀಕ್, ಲ್ಯಾಟಿನ್, ಒಂದಿಷ್ಟು ಗಣಿತ, ಕೊನೆಯ ವರ್ಷದಲ್ಲಿ ನೀತಿಶಾಸ್ತ್ರ. ಮೇಷ್ಟರು ಕೇಳುವುದು, ಹುಡುಗರು ಒಪ್ಪಿಸುವುದು. ಬೇಸತ್ತ ಹುಡುಗರು ತಮ್ಮದೇ ಸಾಹಿತ್ಯ ಸಂಘಗಳನ್ನು ಕಟ್ಟಿಕೊಂಡರು. ಮ್ಯಾಸಚೂಸೆಟ್ಸ್ ರಾಜ್ಯದ ವಿಲಿಯಮ್ಸ್ ಕಾಲೇಜು ಶುರುವಾದದ್ದು 1793ರಲ್ಲಿ. ಅಲ್ಲಿ ಫಿಲೊಲೋಜಿಯನ್, ಫಿಲೊಟೆಕ್ನಿಯನ್ ಎಂಬ ಎರಡು ಸಂಘಗಳಿದ್ದವು. ಇವು ವಾದ ಮಾಡುತ್ತಿದ್ದವು, ಪ್ರಬಂಧ ಓದುತ್ತಿದ್ದವು, ಮುಖ್ಯವಾಗಿ ತಮ್ಮದೇ ಗ್ರಂಥಾಲಯಗಳನ್ನು ಇಟ್ಟುಕೊಂಡಿದ್ದವು. ಕಾಲೇಜಿನ ಪಾಠದಲ್ಲಿ ಜಾಗವಿಲ್ಲದ ಇಂಗ್ಲಿಷ್ ಕಾದಂಬರಿ, ಹೊಸ ಇತಿಹಾಸ, ಅಂದಂದಿನ ರಾಜಕೀಯ ಎಲ್ಲವೂ ವಿದ್ಯಾರ್ಥಿಗಳ ಕೈಗೆ ಸಿಗುತ್ತಿದ್ದದ್ದು ಈ ಸಂಘಗಳ ಮೂಲಕ.

ಇದೇ ಕಾಲೇಜಿನ ಐದು ಜನ ಹುಡುಗರು 1806ರ ಆಗಸ್ಟಿನಲ್ಲಿ ಬಯಲಲ್ಲಿ ಪ್ರಾರ್ಥನೆಗೆ ಸೇರಿದ್ದಾಗ ಗುಡುಗು ಮಳೆ ಬಂತು. ಹುಲ್ಲಿನ ಬಣವೆಯ ಮರೆಗೆ ಹೋದರು. ಏಷ್ಯಾಕ್ಕೆ ಮಿಷನರಿಗಳನ್ನು ಕಳಿಸಬೇಕೆಂದು ಅಲ್ಲೇ ಮಾತಾಡಿಕೊಂಡರಂತೆ. ಎರಡು ವರ್ಷದಲ್ಲಿ ಅದೊಂದು ಗುಟ್ಟಿನ ವಿದ್ಯಾರ್ಥಿ ಸಂಘವಾಯಿತು, 1810ರಲ್ಲಿ ಅಮೆರಿಕದ ಮೊದಲ ವಿದೇಶಿ ಮಿಷನ್ ಸಂಸ್ಥೆ ಹುಟ್ಟುವುದಕ್ಕೆ ಅದರ ಒತ್ತಾಸೆಯಿತ್ತು. ವಿಲಿಯಮ್ಸ್‌ನಲ್ಲೇ ಓದಿದ ಗಾರ್ಡನ್ ಹಾಲ್ 1813ರಲ್ಲಿ ಮುಂಬಯಿಗೆ ಬಂದಿಳಿದ. ಆತನ ಧರ್ಮಪ್ರಚಾರದ ಬಗ್ಗೆ ನಮ್ಮ ಅಭಿಪ್ರಾಯ ಏನೇ ಇರಲಿ, ಅಂಕಪಟ್ಟಿಯಲ್ಲಿ ಎಲ್ಲೂ ದಾಖಲಾಗದ ಹುಡುಗರ ಕೂಟವೊಂದು ಏಳೇ ವರ್ಷದಲ್ಲಿ ಸಮುದ್ರ ದಾಟಿ ನಮ್ಮ ಪಶ್ಚಿಮ ಕರಾವಳಿಗೆ ಮುಟ್ಟಿತೆನ್ನುವುದು ಸಣ್ಣ ಸಂಗತಿಯಲ್ಲ.

ವಿಜ್ಞಾನದ ಕತೆಯೂ ಹೀಗೆಯೇ. 1835ರಲ್ಲಿ ವಿಲಿಯಮ್ಸ್‌ನ ವಿದ್ಯಾರ್ಥಿಗಳು ಪ್ರಕೃತಿ ವಿಜ್ಞಾನದ ಸಂಘವೊಂದನ್ನು ಕಟ್ಟಿದರು. ಕಲ್ಲು, ಹಕ್ಕಿ, ಗಿಡ ಸಂಗ್ರಹಿಸಿ ವಸ್ತುಸಂಗ್ರಹ ಮಾಡಿದರು, ಹಣ ಕೂಡಿಸಿ ಫ್ಲಾರಿಡಾಕ್ಕೆ, ಮುಂದೆ ದಕ್ಷಿಣ ಅಮೆರಿಕಕ್ಕೂ ಅಧ್ಯಯನ ಪ್ರವಾಸ ಹೋದರು. ಕೆಲವು ದಶಕಗಳಲ್ಲಿ ಆ ವಿಷಯಗಳೆಲ್ಲ ಕಾಲೇಜಿನ ಪಾಠದೊಳಗೇ ಬಂದವು. ಬಂದ ಮೇಲೆ ಸಂಘಕ್ಕೆ ಕೆಲಸ ಉಳಿಯಲಿಲ್ಲ. ಅಮೆರಿಕದ ಉನ್ನತ ಶಿಕ್ಷಣದ ಇತಿಹಾಸ ಬರೆದ ಫ್ರೆಡರಿಕ್ ರುಡಾಲ್ಫ್ ಈ ಬೆಳವಣಿಗೆಯನ್ನು ವಿವರವಾಗಿ ತೋರಿಸಿದ್ದಾರೆ. ಅವರೂ ವಿಲಿಯಮ್ಸ್‌ನಲ್ಲೇ ಪಾಠ ಹೇಳಿದವರು. ಇಂದು ತರಗತಿಯ ಬಾಗಿಲಾಚೆ ನಿಂತಿರುವ ವಿಷಯ ನಾಳೆ ಒಳಗೆ ಬಂದು ಕೂರುತ್ತದೆ.

ಇದು ನಮಗೆ ಗೊತ್ತಿಲ್ಲದ ಕತೆಯೂ ಅಲ್ಲ. ಮೈಸೂರು ವಿಶ್ವವಿದ್ಯಾಲಯ ಶುರುವಾದ 1916ರ ಹೊತ್ತಿಗೆ ಕಾಲೇಜೆಂದರೆ ಇಂಗ್ಲಿಷ್. ಕನ್ನಡಕ್ಕೆ ಅಲ್ಲಿ ಮೂಲೆಯ ಬೆಂಚು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳು ಕಟ್ಟಿದ ಕರ್ಣಾಟಕ ಸಂಘ 1919ರಲ್ಲಿ ‘ಪ್ರಬುದ್ಧ ಕರ್ಣಾಟಕ’ವನ್ನು ಹೊರಡಿಸಿತು. ಕನ್ನಡದಲ್ಲಿ ಎಂಎ ತರಗತಿ ಶುರುವಾದದ್ದು 1927ರಲ್ಲಿ, ಕುವೆಂಪು ಮೊದಲ ತಂಡದಲ್ಲಿ ಕೂತರು. ಅಂದರೆ ಕನ್ನಡವನ್ನು ಆಧುನಿಕ ವಿದ್ವತ್ತಿನ ಭಾಷೆಯಾಗಿ ಬಳಸುವ ಅಭ್ಯಾಸ ಪಾಠಪಟ್ಟಿಗಿಂತ ಮೊದಲು ಪಾಠೇತರ ಸಂಘದಲ್ಲಿ ನಡೆಯಿತು. ಸಂಘದವರ ಉಮೇದಿಗೆ ವಿಶ್ವವಿದ್ಯಾಲಯ ಎಂಟು ವರ್ಷ ತಡವಾಗಿ ಮುದ್ರೆ ಒತ್ತಿತು ಎಂದು ನಾನು ಓದಿಕೊಳ್ಳುತ್ತೇನೆ.

ಮತ್ತೆ ಅಮೆರಿಕಕ್ಕೆ. ಅಲ್ಲಿನ ಹತ್ತೊಂಬತ್ತನೆಯ ಶತಮಾನದ ವಿದ್ಯಾರ್ಥಿಗಳು ಹೊತ್ತನ್ನು ಕದ್ದು ಇದನ್ನೆಲ್ಲ ಮಾಡಿದರು. ಆಗ ಪಾಠದ ಹೊರೆ ಕಡಿಮೆ. ಇಪ್ಪತ್ತನೆಯ ಶತಮಾನದಲ್ಲಿ ಅದು ಬದಲಾಯಿತು. ಆಗ ಕೆಲವು ಕಾಲೇಜುಗಳು ಹುಡುಗರು ಕದಿಯಲಿ ಎಂದು ಕಾಯದೆ ಹೊತ್ತನ್ನು ತಾವೇ ಎತ್ತಿ ಕೊಡಲು ತೀರ್ಮಾನಿಸಿದವು. ನನ್ನ ಮಟ್ಟಿಗೆ ಈ ವಿಷಯದ ತಿರುಳು ಇಲ್ಲಿದೆ.

ವರ್ಮಾಂಟ್ ರಾಜ್ಯದ ಬೆನ್ನಿಂಗ್ಟನ್ ಕಾಲೇಜು 1932ರಲ್ಲಿ ಹೆಣ್ಣುಮಕ್ಕಳ ಕಾಲೇಜಾಗಿ ಬಾಗಿಲು ತೆರೆಯಿತು. ಅಲ್ಲಿನ ಚಳಿಗಾಲ ಕಡುಘೋರ. ಕಟ್ಟಡ ಬೆಚ್ಚಗಿಡುವ ಖರ್ಚೂ ಜಾಸ್ತಿ. ಮೊದಲ ದಿನಗಳಿಂದಲೇ ಕಾಲೇಜು ಚಳಿಗಾಲದ ಕೆಲವು ವಾರ ಪಾಠ ನಿಲ್ಲಿಸಿ, ವಿದ್ಯಾರ್ಥಿನಿಯರನ್ನು ಊರಾಚೆ ಕೆಲಸಕ್ಕೆ ಕಳಿಸಿತು. ಪತ್ರಿಕಾ ಕಚೇರಿ, ಪ್ರಯೋಗಾಲಯ, ರಂಗಮಂದಿರ, ಶಾಲೆ, ಎಲ್ಲಿ ಬೇಕಾದರೂ ಸರಿ, ಆದರೆ ಕೆಲಸ ಅವರೇ ಹುಡುಕಿಕೊಳ್ಳಬೇಕು, ಮುಗಿಸಿ ಬಂದು ವರದಿ ಕೊಡಬೇಕು. ಈಗಲೂ ಈ ಪದ್ಧತಿ ಇದೆ, ಪ್ರತಿ ವರ್ಷವೂ ಇದೆ, ಗಂಡುಹುಡುಗರಿಗೂ ಇದೆ, ಅದಿಲ್ಲದೆ ಪದವಿ ಸಿಗುವುದಿಲ್ಲ. ಬೇಸಿಗೆ ರಜೆಯಲ್ಲಿ ಇಂಟರ್ನ್‌ಶಿಪ್ ಮಾಡಿಕೊಳ್ಳಿ ಎಂದು ಹೇಳುವ ಕಾಲೇಜಿಗೂ ವರ್ಷದ ಮಧ್ಯದಲ್ಲಿ ತಾನೇ ಪಾಠ ನಿಲ್ಲಿಸುವ ಕಾಲೇಜಿಗೂ ಅಜಗಜಾಂತರ. ಮೊದಲನೆಯದು ಸಲಹೆ ಕೊಡುತ್ತದೆ, ಎರಡನೆಯದು ತನ್ನ ಗಂಟಿನಿಂದ ಖರ್ಚು ಮಾಡುತ್ತದೆ. ಇದೇ ಬೆನ್ನಿಂಗ್ಟನ್ 1934ರಿಂದ ಬೇಸಿಗೆಯಲ್ಲಿ ನೃತ್ಯ ಶಾಲೆ ನಡೆಸಿ ಮಾರ್ಥಾ ಗ್ರಹಾಂ ಥರದವರನ್ನು ಕರೆಸಿಕೊಂಡಿತು. ಬೇರೆ ಕಡೆ ವ್ಯಾಯಾಮದ ಪಟ್ಟಿಯಲ್ಲಿದ್ದ ಕುಣಿತ ಅಮೆರಿಕದ ಕಾಲೇಜುಗಳಲ್ಲಿ ವಿದ್ಯೆಯಾಗಿ ನೆಲೆ ನಿಂತದ್ದರಲ್ಲಿ ಆ ಬೇಸಿಗೆಗಳ ಪಾತ್ರ ದೊಡ್ಡದು.

ಫ್ಲಾರಿಡಾದಲ್ಲಿ 1960ರಲ್ಲಿ ಶುರುವಾದ, ಈಗ ಎಕರ್ಡ್ ಎಂಬ ಹೆಸರಿನ ಕಾಲೇಜು ಇನ್ನೊಂದು ದಾರಿ ಹಿಡಿಯಿತು. ನಾಲ್ಕು ತಿಂಗಳ ಒಂದು ಅವಧಿ, ನಾಲ್ಕು ತಿಂಗಳ ಇನ್ನೊಂದು ಅವಧಿ, ನಡುವೆ ಜನವರಿ ತಿಂಗಳು ಪೂರ್ತಿ ಖಾಲಿ. ಆ ತಿಂಗಳು ಒಬ್ಬ ವಿದ್ಯಾರ್ಥಿಗೆ ಒಂದೇ ಕೆಲಸ. ಐದು ವಿಷಯಗಳ ಐದು ಟೆಸ್ಟು ಇಲ್ಲ. ಇಡೀ ತಿಂಗಳು ದೋಣಿ ಕಟ್ಟಬಹುದು, ಒಂದೇ ನಾಟಕ ಆಡಬಹುದು, ಆಸ್ಪತ್ರೆಯಲ್ಲಿ ವೈದ್ಯರ ಹಿಂದೆ ಓಡಾಡಬಹುದು. ಆ ದಶಕದಲ್ಲೇ ಹತ್ತಾರು ಕಾಲೇಜುಗಳು ಈ ಲೆಕ್ಕಾಚಾರವನ್ನು ತಮ್ಮದಾಗಿಸಿಕೊಂಡವು, ವಿಲಿಯಮ್ಸ್ ಕೂಡ. ಅಲ್ಲಿ ಜನವರಿಯ ಕೆಲಸಕ್ಕೆ ಮಾಮೂಲಿ ಅಂಕಗಳಿಲ್ಲ. ಚೆನ್ನಾಗಿ ಮಾಡಿದವರಿಗೆ ಒಂದು ದರ್ಜೆ, ಸರಿಯಾಗಿ ಮಾಡಿದವರಿಗೆ ಪಾಸು, ಮಾಡದವರಿಗೆ ಫೇಲು. ಇವುಗಳ ನಡುವೆ ಇನ್ನೊಂದಿದೆ, ಕಾಟಾಚಾರದ ಪಾಸು! ಅಧಿಕೃತವಾಗಿಯೇ ಇರುವ ದರ್ಜೆ. ನಮ್ಮ ಎಷ್ಟೋ ಸರ್ಟಿಫಿಕೇಟುಗಳ ಮೇಲೆ ಇದನ್ನು ಅಚ್ಚು ಹಾಕಿಸಬಹುದಿತ್ತು ಎಂದು ಒಂದು ಗಳಿಗೆ ಆಸೆಯಾಯಿತು.

ತಿಂಗಳುಗಟ್ಟಲೆ ಬಿಡಲಾರದವರು ಗಂಟೆಗಳನ್ನು ಬಿಡುತ್ತಾರೆ. ಅಯೋವಾದ ಗ್ರಿನೆಲ್, ಮಿನೆಸೋಟಾದ ಕಾರ್ಲ್‌ಟನ್ ಕಾಲೇಜುಗಳಲ್ಲಿ ವಾರಕ್ಕೊಮ್ಮೆ ನಡುಹಗಲಿಗೆ ಮೊದಲು ಒಂದು ಗಂಟೆ ಇಡೀ ಕಾಲೇಜು ಒಟ್ಟಾಗಿ ಉಪನ್ಯಾಸ ಕೇಳುವುದಕ್ಕೆಂದು ಮೀಸಲು. ಇನ್ನು, ದಿನವನ್ನೇ ಬಿಡುವವರಿದ್ದಾರೆ. ಮೌಂಟ್ ಹೋಲಿಯೋಕ್ ಮಹಿಳಾ ಕಾಲೇಜಿನಲ್ಲಿ 1838ರಿಂದ ಒಂದು ಪದ್ಧತಿಯಿದೆ. ಎಲೆ ಕೆಂಪಾಗುವ ಕಾಲದಲ್ಲಿ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಗಂಟೆ ಬಾರಿಸುತ್ತದೆ. ಆ ದಿನ ತರಗತಿ ಇಲ್ಲ, ಎಲ್ಲರೂ ಬೆಟ್ಟ ಹತ್ತಲು ಹೊರಡುವುದು. ಯಾವ ದಿನ ಎಂದು ಮೊದಲೇ ಯಾರಿಗೂ ಹೇಳುವುದಿಲ್ಲ. ಇದರಿಂದ ಏನು ಕಲಿತಂತಾಯಿತು ಎಂದು ಕೇಳಿದರೆ ಹೇಳುವುದು ಕಷ್ಟ. ಆದರೆ ಸುಮಾರು ಇನ್ನೂರು ವರ್ಷ ಒಂದು ಕಾಲೇಜು ತನ್ನ ಪಾಠವನ್ನು ಒಂದು ದಿನ ಖುಷಿಯಾಗಿ ಬಿಟ್ಟುಕೊಡುತ್ತ ಬಂದಿದೆಯೆಂದರೆ ಆ ಕಾಲೇಜಿನ ಮನಸ್ಸು ಎಂಥದೆಂದು ತಿಳಿಯುತ್ತದೆ.

ಒಹಾಯೊ ರಾಜ್ಯದ ಓಬರ್ಲಿನ್‌ನ ಬಗ್ಗೆ ಕೊಂಚ ಹೆಚ್ಚು ಹೇಳಬೇಕು. 1833ರಲ್ಲಿ ಕಟ್ಟಿದ ಈ ಕಾಲೇಜು ಕಪ್ಪು ಜನರಿಗೂ ಹೆಂಗಸರಿಗೂ ಪದವಿ ತರಗತಿಯ ಬಾಗಿಲು ತೆರೆದ ಮೊದಲಿಗರ ಸಾಲಿನದು. 1968ರಲ್ಲಿ ಅಲ್ಲಿನ ವಿದ್ಯಾರ್ಥಿಗಳು ‘ಪ್ರಯೋಗ ಕಾಲೇಜು’ ಎಂಬುದನ್ನು ಶುರು ಮಾಡಿದರು. ಇದರಲ್ಲಿ ಪಾಠ ಹೇಳುವವರು ವಿದ್ಯಾರ್ಥಿಗಳೇ. ಊರಿನವರೂ ಕಾಲೇಜಿನ ನೌಕರರೂ ಹೇಳಬಹುದು, ಕಲಿಯಬಹುದು. ಕಾಲೇಜಿನಲ್ಲಿ ಕಲಿಸದ ಭಾಷೆ, ವಾದ್ಯ, ಕೈಕಸುಬು, ಯಾವುದೋ ಒಬ್ಬ ಹಾಡುಗಾರನ ಕೃತಿಗಳು, ಏನು ಬೇಕಾದರೂ ಆಗಬಹುದು. ಹೇಳಬಯಸುವವರು ಪಾಠದ ಯೋಜನೆ ಬರೆದು ವಿದ್ಯಾರ್ಥಿಗಳ ಸಮಿತಿಯ ಮುಂದಿಡಬೇಕು, ಒಪ್ಪಿಗೆ ಸಿಕ್ಕರೆ ಇಡೀ ಅವಧಿ ನಡೆಸಬೇಕು. ಒಂದು ಮಿತಿಯವರೆಗೆ ಇದಕ್ಕೆ ಪದವಿಯ ಲೆಕ್ಕದಲ್ಲೇ ಕ್ರೆಡಿಟ್ ಉಂಟು. ಹತ್ತೊಂಬತ್ತರ ಹುಡುಗಿಯೊಬ್ಬಳು ಹನ್ನೆರಡು ಜನಕ್ಕೆ ಮೂರು ತಿಂಗಳು ಒಂದು ವಿಷಯ ಕಲಿಸುವಾಗ ಆ ವಿಷಯವನ್ನು ತಾನೆಷ್ಟು ಬಲ್ಲೆ ಎನ್ನುವುದು ಅವಳಿಗೆ ಯಾವ ಪರೀಕ್ಷೆಗಿಂತ ಚೆನ್ನಾಗಿ ಗೊತ್ತಾಗುತ್ತದೆ.

ಅದೇ ಓಬರ್ಲಿನ್‌ನಲ್ಲಿ 1950ರಿಂದ ವಿದ್ಯಾರ್ಥಿಗಳ ಸಹಕಾರ ಸಂಘವೂ ಇದೆ. ಮೆಸ್ ನಡೆಸುವವರು ಅವರೇ. ದಿನಸಿ ತರಿಸುವುದು, ನೂರು ಜನರ ಅಡುಗೆ, ಪಾತ್ರೆ ತೊಳೆಯುವುದು, ಲೆಕ್ಕ ಬರೆಯುವುದು, ಮಾಂಸ ಇರಬೇಕೋ ಬೇಡವೋ ಎಂದು ಸಭೆ ಕರೆದು ರಾತ್ರಿಯೆಲ್ಲ ವಾದಿಸುವುದು. ವಾರಕ್ಕೆ ಇಷ್ಟು ಗಂಟೆ ಕೆಲಸವೆಂದು ಪ್ರತಿಯೊಬ್ಬರಿಗೂ ಪಾಳಿ. ಕೂಡಿ ಬಾಳುವುದರ ಬಗ್ಗೆ ಉಪನ್ಯಾಸ ಕೇಳುವುದಕ್ಕಿಂತ ಈರುಳ್ಳಿ ಹೆಚ್ಚುವ ಪಾಳಿ ತಪ್ಪಿಸಿಕೊಂಡವನ ಜೊತೆ ಜಗಳವಾಡಿ ಮರುದಿನ ಅವನ ಪಕ್ಕದಲ್ಲೇ ಊಟಕ್ಕೆ ಕೂರುವುದು ಹೆಚ್ಚು ಕಲಿಸುತ್ತದೆ. ನಮ್ಮ ಹಾಸ್ಟೆಲುಗಳ ಮೆಸ್ ಕಮಿಟಿಯಲ್ಲಿ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎಲ್ಲವೂ ಚೆಂದ ಎಂದು ಹೇಳಲು ಹೊರಟಿಲ್ಲ. ಕಾಲೇಜು ಹೊತ್ತು ಬಿಟ್ಟರೂ ಎಲ್ಲರಿಗೂ ಅದು ಸಿಗುವುದಿಲ್ಲ. ಇಂಥ ಕಾಲೇಜುಗಳಲ್ಲಿ ವರ್ಷದ ಖರ್ಚು 80,000 ಡಾಲರ್ ದಾಟಿದ ಕಡೆಗಳೇ ಹೆಚ್ಚು. ನೆರವಿನ ಮೇಲೆ ಓದುವ ಬಡ ವಿದ್ಯಾರ್ಥಿ ಸಾಮಾನ್ಯವಾಗಿ ವಾರಕ್ಕೆ ಇಷ್ಟು ಗಂಟೆ ಊಟದ ಹಾಲಿನಲ್ಲೋ ಗ್ರಂಥಾಲಯದಲ್ಲೋ ಕೆಲಸ ಮಾಡಬೇಕಾಗುತ್ತದೆ. ಇದಕ್ಕೆ ಸರ್ಕಾರದ ಯೋಜನೆಯೇ ಇದೆ, 1964ರಿಂದ. ಸಹಪಾಠಿ ನಾಟಕದ ತಾಲೀಮಿಗೆ ಹೋಗುವ ಹೊತ್ತಿಗೆ ಈತ ತಟ್ಟೆ ತೊಳೆಯುತ್ತಿರುತ್ತಾನೆ. ಸಂಬಳವಿಲ್ಲದ ಇಂಟರ್ನ್‌ಶಿಪ್ ನ್ಯೂಯಾರ್ಕಿನಲ್ಲಿ ಸಿಕ್ಕಿದರೆ ಮನೆ ಬಾಡಿಗೆ ಕೊಡಬಲ್ಲ ಅಪ್ಪ ಇರುವವನು ಹೋಗುತ್ತಾನೆ. ಆಟೋಟದ್ದೂ ಇದೇ ಪಾಡು. ವಿಲಿಯಮ್ಸ್, ಆಮ್ಹರ್ಸ್ಟ್‌ನಂಥ ಕಡೆ ಮೂರರಲ್ಲಿ ಒಬ್ಬರು ಕಾಲೇಜು ತಂಡದ ಆಟಗಾರರು. ಆಟಕ್ಕೆಂದು ವಿದ್ಯಾರ್ಥಿವೇತನ ಇಲ್ಲದ ವರ್ಗ ಇದು, ಆದರೂ ಪ್ರವೇಶದ ವೇಳೆ ಆಟಕ್ಕೆ ಬೆಲೆಯಿದೆ. ಸ್ಕ್ವಾಷ್, ದೋಣಿ ಸ್ಪರ್ಧೆ, ಲಕ್ರಾಸ್ ಥರದ ಆಟ ಚಿಕ್ಕಂದಿನಿಂದ ಕಲಿಯಲು ದುಡ್ಡು ಬೇಕು. ಆಟಗಾರರಲ್ಲಿ ಸ್ಥಿತಿವಂತ ಬಿಳಿಯರದೇ ಮೇಲುಗೈ ಎಂದು ಆಮ್ಹರ್ಸ್ಟ್ ಕಾಲೇಜಿನದೇ 2017ರ ವರದಿ ಒಪ್ಪಿಕೊಂಡಿತು.

ಈ ಗಂಟನ್ನು ಬಿಡಿಸಿದ ಕಾಲೇಜೊಂದಿದೆ. ಕೆಂಟಕಿಯ ಬೆಟ್ಟಸೀಮೆಯ ಅಂಚಿನಲ್ಲಿರುವ ಬೆರಿಯಾ. ಗುಲಾಮಗಿರಿಯ ವಿರೋಧಿ ಜಾನ್ ಫೀ 1855ರಲ್ಲಿ ಕಟ್ಟಿದ್ದು. ಇಲ್ಲಿ ಬೋಧನಾ ಶುಲ್ಕವೇ ಇಲ್ಲ. ಬಡ ಮನೆಯ ಮಕ್ಕಳಿಗೇ ಆದ್ಯತೆ. ಬದಲಿಗೆ ಪ್ರತಿ ವಿದ್ಯಾರ್ಥಿಯೂ ವಾರಕ್ಕೆ ಕನಿಷ್ಠ 10 ಗಂಟೆ ದುಡಿಯಬೇಕು. ಮಗ್ಗ, ಮರಗೆಲಸ, ಪೊರಕೆ ಕಟ್ಟುವ ಘಟಕ, ಹೊಲ, ಕಂಪ್ಯೂಟರ್ ವಿಭಾಗ, ಗ್ರಂಥಾಲಯ ಹೀಗೆ ನೂರಾರು ಬಗೆ. ಮುಖ್ಯ ಮಾತೆಂದರೆ, ದುಡಿಮೆ ಇಲ್ಲಿ ಬಡವರ ಪಾಲಿನ ಶಿಕ್ಷೆಯಲ್ಲ, ಎಲ್ಲರ ಪಾಲಿನ ಪಾಠ. ಕೆಲಸವನ್ನೂ ಮೌಲ್ಯಮಾಪನ ಮಾಡುತ್ತಾರೆ, ವರ್ಷದಿಂದ ವರ್ಷಕ್ಕೆ ಹೊಣೆ ಹೆಚ್ಚುತ್ತದೆ. ಎಲ್ಲರೂ ದುಡಿಯುವುದರಿಂದ ಕಾಲೇಜಿನ ವೇಳಾಪಟ್ಟಿಯೇ ಅದಕ್ಕೆ ತಕ್ಕಂತೆ ಇದೆ. ಯಾರೊಬ್ಬರೂ ತಾಲೀಮು ತಪ್ಪಿಸಿಕೊಂಡು ತಟ್ಟೆ ತೊಳೆಯಬೇಕಿಲ್ಲ. ಇನ್ನೂ ಮುಂದೆ ಹೋದದ್ದು ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿರುವ ಡೀಪ್ ಸ್ಪ್ರಿಂಗ್ಸ್. ವಿದ್ಯುತ್ ಉದ್ಯಮಿ ಎಲ್.ಎಲ್. ನನ್ 1917ರಲ್ಲಿ ಕಟ್ಟಿದ ಎರಡು ವರ್ಷದ ಕಾಲೇಜು. ಇಪ್ಪತ್ತೈದರ ಆಸುಪಾಸು ವಿದ್ಯಾರ್ಥಿಗಳು, ದನ ಕಾಯುತ್ತಾರೆ, ಹಾಲು ಕರೆಯುತ್ತಾರೆ, ಹುಲ್ಲು ಬೆಳೆಯುತ್ತಾರೆ, ವಾರಕ್ಕೆ 20 ಗಂಟೆ. ಮುಂದಿನ ವರ್ಷಕ್ಕೆ ಯಾರನ್ನು ಸೇರಿಸಿಕೊಳ್ಳಬೇಕು, ಯಾವ ಮೇಷ್ಟರನ್ನು ಕರೆಸಬೇಕು ಎನ್ನುವ ಸಮಿತಿಗಳಲ್ಲಿ ಅವರದೇ ಮಾತು ನಡೆಯುತ್ತದೆ. ಹುಡುಗಿಯರಿಗೆ ಬಾಗಿಲು ತೆರೆಯಲು ಮಾತ್ರ 2018 ಬರಬೇಕಾಯಿತು. ಇಷ್ಟು ಸ್ವತಂತ್ರ ಬುದ್ಧಿಯ ಕಾಲೇಜಿಗೆ ಅಷ್ಟು ಸಣ್ಣ ಸಂಗತಿಗೆ ನೂರು ವರ್ಷ ಬೇಕಾಯಿತೇ ಎಂದು ಕೇಳದೆ ಇರಲಾಗದು.

ಇಲ್ಲಿಂದ ಹೋಗುವ ಮಕ್ಕಳಿಗೆ ಸಂಬಂಧಿಸಿದ ಎರಡು ಮಾತು. ವಿದ್ಯಾರ್ಥಿ ವೀಸಾದಲ್ಲಿ ಇರುವವರು ಪಾಠದ ಅವಧಿಯಲ್ಲಿ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆಯವರೆಗೆ ಮಾತ್ರ ದುಡಿಯಬಹುದು. ಹೊರಗಿನ ಸಂಬಳದ ಇಂಟರ್ನ್‌ಶಿಪ್ಪಿಗೆ, ಸಾಮಾನ್ಯವಾಗಿ ಒಂದು ವರ್ಷ ಓದಿದ ಮೇಲೆ, ಅದು ಪಾಠಕ್ರಮದ ಭಾಗವೆಂದು ಕಾಲೇಜಿನ ಅಂತರರಾಷ್ಟ್ರೀಯ ಕಚೇರಿ ಅನುಮತಿ ಕೊಟ್ಟರೆ ದಾರಿಯಿದೆ. ಹಾಗಾಗಿ ಹೊರಗಿನ ಕೆಲಸವನ್ನು ಪಾಠಕ್ರಮದೊಳಗೆ ತಂದಿರುವ ಕಾಲೇಜು ಭಾರತದ ವಿದ್ಯಾರ್ಥಿಗೆ ಕಾನೂನಿನ ದೃಷ್ಟಿಯಿಂದಲೂ ಅನುಕೂಲ. ಇದನ್ನು ವಿಮಾನ ಹತ್ತಿದ ಮೇಲಲ್ಲ, ಅರ್ಜಿ ಹಾಕುವ ಮುಂಚೆ ವಿಚಾರಿಸಬೇಕು. ಎರಡನೆಯದು ವಾಟ್ಸನ್ ಫೆಲೋಶಿಪ್. ಐಬಿಎಂ ಕಂಪನಿಯನ್ನು ಬೆಳೆಸಿದ ಥಾಮಸ್ ವಾಟ್ಸನ್ ನೆನಪಿಗೆ 1968ರಲ್ಲಿ ಶುರುವಾಯಿತು. ನಲವತ್ತರಷ್ಟು ಸಣ್ಣ ಕಾಲೇಜುಗಳ ಕೊನೆಯ ವರ್ಷದವರಿಗೆ ಮಾತ್ರ. ತಾವೇ ಆರಿಸಿಕೊಂಡ ಒಂದು ಹುಚ್ಚನ್ನು ಹಿಡಿದು ಒಂದು ವರ್ಷ ದೇಶ ದೇಶ ಸುತ್ತಬೇಕು. ಯಾವ ಕಾಲೇಜಿಗೂ ಸೇರುವಂತಿಲ್ಲ, ವರ್ಷ ಮುಗಿಯುವ ತನಕ ಅಮೆರಿಕಕ್ಕೆ ಹಿಂದಿರುಗುವಂತಿಲ್ಲ. ಭಾರತದ ವಿದ್ಯಾರ್ಥಿಗೆ ಸಿಕ್ಕರೆ ತನ್ನ ಮನೆಗೂ ಬರುವಂತಿಲ್ಲ. ನಾಲ್ಕು ವರ್ಷ ಹೊರಗೆ ಓದಿದ ಮಗಳು ಇನ್ನೂ ಒಂದು ವರ್ಷ ದೀಪಾವಳಿಗೆ ಬರುವುದಿಲ್ಲ ಎಂದರೆ ಅಮ್ಮನಿಗೆ ಹೇಗಾಗಬೇಡ!

ಇನ್ನು ನಮ್ಮ ಕಡೆಗೆ ಬರೋಣ. ಲಿಬರಲ್ ಆರ್ಟ್ಸ್ ಮಾದರಿಯ ಪದವಿ ಶಿಕ್ಷಣ ಸೊನೀಪತ್‌ನ ಅಶೋಕ ವಿಶ್ವವಿದ್ಯಾಲಯದಲ್ಲಿ 2014ರಿಂದ, ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ 2015ರಿಂದ ಇದೆ. ಅವು ವಸತಿ ಸಹಿತವಾದವು, ಅಲ್ಲಿ ಸಂಜೆಯ ಹೊತ್ತು ಸಿಗುತ್ತದೆ. ನನ್ನ ಪ್ರಶ್ನೆ ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನದು. ಅಲ್ಲೂ ಪಟ್ಟಿಗೆ ಬರವಿಲ್ಲ. 1948ರ ಕಾಯ್ದೆಯಿಂದ ಬಂದ ಎನ್‌ಸಿಸಿ ಇದೆ. ಗಾಂಧಿ ಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ ಶುರುವಾದ ಎನ್ನೆಸ್ಸೆಸ್ ಇದೆ. ಕನ್ನಡ ಸಂಘ, ರೋವರ್ಸ್-ರೇಂಜರ್ಸ್, ರೆಡ್‌ಕ್ರಾಸ್, ಇಕೋ ಕ್ಲಬ್, ಸಾಂಸ್ಕೃತಿಕ ಸಮಿತಿ ಎಲ್ಲವೂ ನೋಟಿಸ್ ಬೋರ್ಡಿನಲ್ಲಿವೆ. ಪದವಿಯ ವೇಳಾಪಟ್ಟಿಯಲ್ಲಿ ಮಾತ್ರ ಯಾವುದಕ್ಕೂ ಗಂಟೆಯಿಲ್ಲ.

ಎನ್ನೆಸ್ಸೆಸ್ಸನ್ನೇ ನೋಡಿ. ಎರಡು ವರ್ಷದಲ್ಲಿ 240 ಗಂಟೆ ಸೇವೆ, ಜೊತೆಗೆ ಏಳು ದಿನದ ವಿಶೇಷ ಶಿಬಿರ. ಆ ಏಳು ದಿನ ಏಕೆ ಅಷ್ಟು ಚೆನ್ನಾಗಿ ನೆನಪಿರುತ್ತದೆ? ಯಾವುದೋ ಹಳ್ಳಿಯ ಶಾಲೆಯ ಜಗಲಿಯಲ್ಲಿ ಮಲಗಿ, ಬೆಳಿಗ್ಗೆ ಚರಂಡಿ ತೆಗೆದು, ಸಂಜೆ ಊರವರ ಮುಂದೆ ಕಿರುನಾಟಕ ಆಡಿದವರು ಮೂವತ್ತು ವರ್ಷದ ಮೇಲೂ ಅದರ ಮಾತಾಡುತ್ತಾರೆ. ಆ ಏಳು ದಿನ ಕಾಲೇಜು ಪಾಠ ಕೇಳಲಿಲ್ಲ, ಅದಕ್ಕೇ. ಉಳಿದ 240 ಗಂಟೆಗಳು ಶನಿವಾರ ಮಧ್ಯಾಹ್ನದ ಸ್ವಚ್ಛತೆ, ಜಾಥಾ, ಗಿಡ ನೆಟ್ಟ ಫೋಟೋಗಳಲ್ಲಿ ಕರಗಿ ಹೋಗುತ್ತವೆ. ನಡುವೆ ಸೆಮಿಸ್ಟರ್ ಪದ್ಧತಿ ಬಂತು. ಮೊದಲು ವರ್ಷಕ್ಕೊಂದಿದ್ದ ಪರೀಕ್ಷೆ ಎರಡಾಯಿತು, ಇಂಟರ್ನಲ್ಸ್ ಸೇರಿಕೊಂಡವು, ಅಂತರ ಕಾಲೇಜು ಸ್ಪರ್ಧೆಗೆ ಹೋಗಿ ಬಂದವರಿಗೆ ಶೇಕಡಾ 75ರ ಹಾಜರಾತಿಯ ಹೆದರಿಕೆ ಶುರುವಾಯಿತು. ಹೊಸ ಶಿಕ್ಷಣ ನೀತಿ 2021-22ರಲ್ಲಿ ರಾಜ್ಯಕ್ಕೆ ಬಂದಾಗ ಇಂಥ ಚಟುವಟಿಕೆಗಳಿಗೆ ಕ್ರೆಡಿಟ್ ಕೊಟ್ಟರು. 2024ರಲ್ಲಿ ರಾಜ್ಯ ಆ ನೀತಿಯನ್ನು ಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಕ್ರೆಡಿಟ್ ಬರಲಿ ಹೋಗಲಿ, ಅಂಕ ಕೊಟ್ಟು ಗಂಟೆ ಕೊಡದಿದ್ದರೆ ದಕ್ಕುವುದು ಕಾಟಾಚಾರದ ಪಾಸೇ.

ಬಸ್ಸಿನ ಮಾತು. ಹಳ್ಳಿಯಿಂದ ಬರುವ ವಿದ್ಯಾರ್ಥಿನಿಗೆ ಸಂಜೆ ನಾಲ್ಕೂವರೆಯ ಬಸ್ಸು ತಪ್ಪಿದರೆ ಮುಂದಿನದು ಏಳಕ್ಕೋ, ಇಲ್ಲವೋ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆ ಅವಳ ಟಿಕೆಟ್ಟಿನ ದುಡ್ಡು ಉಳಿಸಿತು, ಬಹಳ ದೊಡ್ಡ ಉಪಕಾರ. ಬಸ್ಸಿನ ಹೊತ್ತನ್ನು ಅದು ಬದಲಿಸಲಿಲ್ಲ. ಹಾಗಾಗಿ ‘ಕಾಲೇಜು ಬಿಟ್ಟ ಮೇಲೆ’ ನಡೆಯುವ ಯಾವ ನಾಟಕದ ತಾಲೀಮಿನಲ್ಲೂ ಅವಳಿರುವುದಿಲ್ಲ. ಪ್ರತಿಭೆ ಇಲ್ಲವೆಂದಲ್ಲ, ಬಸ್ಸಿದೆ ಎಂದು. ಮ್ಯಾಸಚೂಸೆಟ್ಸ್‌ನಲ್ಲಿ ಆಮ್ಹರ್ಸ್ಟ್, ಸ್ಮಿತ್, ಮೌಂಟ್ ಹೋಲಿಯೋಕ್ ಕಾಲೇಜುಗಳೂ ಅಲ್ಲಿನ ರಾಜ್ಯ ವಿಶ್ವವಿದ್ಯಾಲಯವೂ ಸೇರಿದ ಒಕ್ಕೂಟವೊಂದು 1965ರಿಂದ ಇದೆ. ಒಂದು ಕಾಲೇಜಿನವರು ಇನ್ನೊಂದರಲ್ಲಿ ಪಾಠ ಕೇಳಬಹುದು, ನಾಟಕದಲ್ಲಿ ಪಾರ್ಟು ಮಾಡಬಹುದು. ಇದನ್ನು ಸಾಧ್ಯ ಮಾಡಿದ್ದು ವಿದ್ಯಾರ್ಥಿಗಳಿಗೆ ಪುಕ್ಕಟೆಯಾಗಿ ಕ್ಯಾಂಪಸ್ಸುಗಳ ನಡುವೆ ಓಡುವ ಬಸ್ಸು. ಅದರ ವೇಳೆಯನ್ನು ಕಾಲೇಜುಗಳ ವೇಳೆಗೆ ಹೊಂದಿಸಿದ್ದಾರೆ. ನಮ್ಮ ಡಿಪೋ ಮ್ಯಾನೇಜರರಿಗೆ ಪ್ರಿನ್ಸಿಪಾಲರು ಬರೆಯುವ ಒಂದು ಪತ್ರದಿಂದ ಬಸ್ಸಿನ ಹೊತ್ತು ಅರ್ಧ ಗಂಟೆ ಸರಿದರೆ ಹತ್ತು ಕ್ಲಬ್ಬುಗಳ ಉದ್ಘಾಟನೆಗಿಂತ ಅದು ಮೇಲು.

ಹೊತ್ತು ಬೇಕಾದದ್ದು ವಿದ್ಯಾರ್ಥಿಗಳಿಗೆ ಮಾತ್ರವಲ್ಲ. ಬೆಂಗಳೂರಿನ ಕ್ರೈಸ್ಟ್ ಕಾಲೇಜಿನ ಕನ್ನಡ ಸಂಘವನ್ನು ಚಿ. ಶ್ರೀನಿವಾಸರಾಜು ಎಷ್ಟೋ ವರ್ಷ ನಡೆಸಿದರು. ಅಂತರ ಕಾಲೇಜು ಕವನ ಸ್ಪರ್ಧೆ, ವಿದ್ಯಾರ್ಥಿಗಳ ಬರಹ, ಪುಸ್ತಕ ಪ್ರಕಟಣೆ ಹೀಗೆ ಅದು ಕಾಲೇಜಿನ ಗೋಡೆ ದಾಟಿ ಬೆಳೆಯಿತು. ಒಬ್ಬ ಮೇಷ್ಟರು ಒಂದೇ ಕಡೆ ನೆಲೆ ನಿಂತು, ಬ್ಯಾಚಿನ ಮೇಲೆ ಬ್ಯಾಚು ಹುಡುಗರನ್ನು ಕಂಡರೆ ಮಾತ್ರ ಆಗುವ ಕೆಲಸ ಅದು. ಇಂದು ನಮ್ಮ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಪಾಠದ ದೊಡ್ಡ ಪಾಲು ಅತಿಥಿ ಉಪನ್ಯಾಸಕರ ಮೇಲಿದೆ. ಅವರ ನೇಮಕ ವರ್ಷಕ್ಕೆ, ಲೆಕ್ಕ ವಾರದ ಪಾಠದ ಗಂಟೆಗೆ. ಮುಂದಿನ ವರ್ಷ ತಾನು ಇದೇ ಕಾಲೇಜಿನಲ್ಲಿರುತ್ತೇನೋ ಇಲ್ಲವೋ ಎಂದು ತಿಳಿಯದ ಮೇಡಂ ಸಂಘ ಕಟ್ಟುವುದು ಹೇಗೆ? ಕಟ್ಟಿದರೂ ಆ ಗಂಟೆಗಳಿಗೆ ಸಂಬಳ ಕೊಡುವವರು ಯಾರು? ಆದರೂ ಕಟ್ಟುವವರಿದ್ದಾರೆ, ಭಿತ್ತಿಪತ್ರಿಕೆ ತರುವವರಿದ್ದಾರೆ, ತಮ್ಮ ಕೈಯಿಂದ ದುಡ್ಡು ಹಾಕಿ ಹುಡುಗರನ್ನು ಹೆಗ್ಗೋಡಿನ ಸಂಸ್ಕೃತಿ ಶಿಬಿರಕ್ಕೆ ಕರೆದೊಯ್ಯುವವರಿದ್ದಾರೆ. ಇದನ್ನು ವ್ಯವಸ್ಥೆಯ ಯಶಸ್ಸೆಂದು ವಾರ್ಷಿಕ ವರದಿಯಲ್ಲಿ ಬರೆದುಕೊಳ್ಳುವುದು ಅನ್ಯಾಯ.

ಬೆನ್ನಿಂಗ್ಟನ್ ಥರ ವಾರಗಟ್ಟಲೆ ಪಾಠ ನಿಲ್ಲಿಸುವ ಅಧಿಕಾರ ನಮ್ಮ ಕಾಲೇಜುಗಳಿಗಿಲ್ಲ, ಕ್ಯಾಲೆಂಡರ್ ಬರೆಯುವುದು ವಿಶ್ವವಿದ್ಯಾಲಯ. ವಾರದ ವೇಳಾಪಟ್ಟಿಯನ್ನು ಮಾತ್ರ ಕಾಲೇಜಿನಲ್ಲೇ ಬರೆಯುತ್ತಾರೆ, ಬಹುತೇಕ ಜೂನ್-ಜುಲೈನಲ್ಲಿ, ಒಬ್ಬ ಹಿರಿಯ ಅಧ್ಯಾಪಕರು ಸ್ಟಾಫ್ ರೂಮಿನಲ್ಲಿ ಕೂತು. ಬುಧವಾರ ಹನ್ನೊಂದರಿಂದ ಒಂದರವರೆಗೆ ಯಾವ ವಿಭಾಗಕ್ಕೂ ತರಗತಿ ಹಾಕಬೇಡಿ ಎಂದು ಪ್ರಿನ್ಸಿಪಾಲರು ಅವರಿಗೆ ಹೇಳಬಹುದು. ಪ್ರಯೋಗಾಲಯದ ಬ್ಯಾಚುಗಳಿಗೆ ಅಡ್ಡ ಬರುತ್ತದೆ ಎಂದು ವಿಜ್ಞಾನದವರು ಮೊದಲು ತಕರಾರು ತೆಗೆಯುತ್ತಾರೆ. ಕೊಠಡಿ ಸಾಲದು ಎಂದು ವಾಣಿಜ್ಯದವರು ಹೇಳುತ್ತಾರೆ. ಎರಡೂ ನಿಜವೇ. ಹಾಗಾದರೆ ಬುಧವಾರದ ಬದಲು ಶುಕ್ರವಾರ ಆಗಬಹುದೇ, ಎರಡು ಗಂಟೆಯ ಬದಲು ಒಂದೂವರೆ ಗಂಟೆ ಆಗಬಹುದೇ ಎಂದು ಚೌಕಾಸಿ ನಡೆಯಬೇಕು. ನಾಲ್ಕೂವರೆಯ ಬಸ್ಸಿಗಿಂತ ಮೊದಲು ಮುಗಿಯಬೇಕು ಎಂಬ ಒಂದು ಷರತ್ತನ್ನು ಮಾತ್ರ ಯಾರೂ ಸಡಿಲಿಸಬಾರದು.